ಚಿಗರಿಯ ಚಿತ್ರದಲ್ಲಿ ಮಡ್ಡಿಯೂ ಇರಲಿ

ಬೆಳಗಾವಿ ಜಿಲ್ಲೆಯ ಮುಗಳಖೋಡದ ಸುತ್ತ ಇಂದು ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯ ಮತ್ತು ಘಟಪ್ರಭಾ ಎಡದಂಡೆ ಕಾಲುವೆ ರಾಯಬಾಗ ಸೀಮೆಯ ಬದುಕನ್ನೇ ಬದಲಿಸಿದವು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಮಳೆ ನಂಬಿದ ಜೋಳದ ಎರಿಹೊಲ, ಕುರಿ ಮೇಯುವ ಮಡ್ಡಿ, ಗಾಯರಾಣ. ಚಿಗರಿ, ತೋಳ, ಎರೆಭೂತ ಹಕ್ಕಿಗಳ ನಾಡು ಇಂಥ ಬಯಲೇ.

ಈ ಬಯಲುಸೀಮೆಯ ಪ್ರಾಣಿಗಳನ್ನು ಕಣ್ಣಿಟ್ಟು ನೋಡಿ ದಾಖಲಿಸಿದವನು ವಾಲ್ಟರ್ ಎಲಿಯಟ್. 1824ರ ಕದನದಲ್ಲಿ ಕಿತ್ತೂರು ಚೆನ್ನಮ್ಮನ ಪಡೆಗೆ ಸೆರೆಸಿಕ್ಕು, ಆಮೇಲೆ ಬಿಡುಗಡೆಯಾದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಆತ. 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಅದರಲ್ಲಿ ಸ್ಥಳೀಯ ಹೆಸರುಗಳಿಗೂ ಜಾಗ ಕೊಟ್ಟ. ನಮ್ಮ ದೇಶದ ಕಲಾವಿದರಿಂದ ಪ್ರಾಣಿಪಕ್ಷಿಗಳ ಚಿತ್ರಗಳನ್ನೂ ಬರೆಸಿದ.

ಕಂಪನಿ ಕಾಲದ ಇಂಥ ಚಿತ್ರಗಳಲ್ಲಿ ಗರಿ, ಗೊರಸು, ಮೈಗೂದಲು ಎಲ್ಲವೂ ಸೂಕ್ಷ್ಮ. ಆದರೆ ಎಷ್ಟೋ ಚಿತ್ರಗಳಲ್ಲಿ ಪ್ರಾಣಿಯ ಸುತ್ತ ಬರೀ ಬಿಳಿ ಹಾಳೆ. ಜಾತಿ ಗುರುತಿಸಲು ಅಷ್ಟೇ ಸಾಕಿತ್ತು. ಅದೇ 1830ರ ದಶಕದಲ್ಲಿ ಅಮೆರಿಕದ ಚಿತ್ರಕಾರ ಜಾರ್ಜ್ ಕ್ಯಾಟ್ಲಿನ್ ಕಾಡೆಮ್ಮೆ, ಹುಲ್ಲುಗಾವಲು, ಅಲ್ಲಿನ ಮೂಲನಿವಾಸಿಗಳನ್ನು ಜೊತೆಯಾಗಿಯೇ ಕಂಡ. ಮೂರನ್ನೂ ಒಟ್ಟಿಗೆ ಉಳಿಸುವ ರಾಷ್ಟ್ರೀಯ ಉದ್ಯಾನ ಬೇಕೆಂದು ಬರೆದ.

ನಮ್ಮಲ್ಲಿ ಹಾಗಾಗಲಿಲ್ಲ. 1949ರವರೆಗೂ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಅರಸರು ಚಿಗರಿ ಬೇಟೆಗೆ ಆಫ್ರಿಕಾದಿಂದ ಚೀತಾ ತರಿಸುತ್ತಿದ್ದರು. ದೇಶದ ಚೀತಾಗಳು ಅಷ್ಟು ವಿರಳವಾಗಿದ್ದವು. 1952ರಲ್ಲಿ ಚೀತಾ ಭಾರತದಲ್ಲಿ ನಾಶವಾಯಿತೆಂದು ಘೋಷಣೆಯಾಯಿತು. ಹುಲ್ಲಿನ ನೆಲ ಮಾತ್ರ ಕಂದಾಯದ ಕಾಗದದಲ್ಲಿ ಬೀಳು, ಖರಾಬು ಎಂದೇ ಉಳಿಯಿತು. ಖರಾಬೆಂದು ಬರೆದ ನೆಲ ಕಳೆದುಹೋದರೆ ಮರುಗುವವರು ಯಾರು?

ಹಾಗಂತ ಕಾಲುವೆ ಬಂದದ್ದು ತಪ್ಪಲ್ಲ; ಅದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಉಳಿದಿರುವ ಬಯಲನ್ನಾದರೂ ಕಾಡಿನಷ್ಟೇ ಗೌರವದಿಂದ ಕಾಣಬೇಕು. ಅದಕ್ಕೆ ದಾರಿ ಹತ್ತಿರದಲ್ಲೇ ಇದೆ: ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಸುಮಾರು 96 ಚದರ ಕಿ.ಮೀ. ಕುರುಚಲು ನೆಲ 2016ರಲ್ಲಿ ಚಿಂಕಾರ ವನ್ಯಧಾಮವಾಯಿತು.

ಕಲೆಗೂ ಇಲ್ಲಿ ಕೆಲಸವಿದೆ. ವನ್ಯಜೀವಿ ಎಂದೊಡನೆ ನಮ್ಮ ಮಕ್ಕಳ ಹಾಳೆಯಲ್ಲಿ ಮೂಡುವುದು ದಟ್ಟ ಕಾಡು, ಹುಲಿ, ಆನೆ. ಚಿತ್ರಕಲಾ ಶಿಕ್ಷಕರು ಅವರನ್ನು ಊರಾಚೆಯ ಗಾಯರಾಣಕ್ಕೆ ಕರೆದೊಯ್ಯಲಿ. ಒಣಹುಲ್ಲು, ಬಾರಿಗಿಡ, ಕುರಿಹಿಂಡು, ಕಂಬಳಿ ಹೊದ್ದ ಕುರುಬಣ್ಣ, ದೂರದಲ್ಲಿ ಹೊಂಚುವ ತೋಳ ಒಂದೇ ಚಿತ್ರದಲ್ಲಿ ಬರಲಿ. ಆ ಚಿತ್ರಗಳು ಯಲ್ಲಾಲಿಂಗ ಮಠದ ಜಾತ್ರೆಯಲ್ಲಿ ಸಾಲಾಗಿ ನಿಲ್ಲಲಿ. ಎಳವೆಯಲ್ಲೇ ಮಡ್ಡಿಯ ಚೆಲುವು ಕಂಡವರು ನಾಳೆ ಅದನ್ನು ಖರಾಬೆಂದು ಬರೆಯಲಾರರು.