ಕೆಲಸದ ಮೇಲೇ ಮೂಡುವ ಅಕ್ಷರ



ಮುತ್ಯಾನ ಜೊತೆ ದನದ ಬಜಾರಕ್ಕೆ ಹೋಗಿದ್ದೀರಾ? ಒಂದು ದೇವಣಿ ಆಕಳನ್ನು ನೀವೂ ನೋಡುತ್ತೀರಿ, ಮುತ್ಯಾನೂ ನೋಡುತ್ತಾರೆ. ಆದರೆ ಇಬ್ಬರಿಗೂ ಕಾಣುವುದು ಒಂದೇ ಅಲ್ಲ. ನಿಮಗೆ ಕಾಣುವುದು ಕಪ್ಪು ಬಿಳುಪಿನ ಒಂದು ಆಕಳು, ಅಷ್ಟೇ. ಮುತ್ಯಾ ಮಾತ್ರ ಮೈ ಬಿಳಿ ಇದ್ದು ಮುಖದ ಎರಡೂ ಪಕ್ಕ ಕಪ್ಪಿದ್ದರೆ ವಾನೇರಾ ಅಂತಾರೆ, ಹೊಟ್ಟೆಯ ಕೆಳಗೆ ಕಪ್ಪು ಚುಕ್ಕೆ ಇದ್ದರೆ ಬಾಲಂಕ್ಯಾ ಅಂತಾರೆ, ಮೈತುಂಬ ಅಡ್ಡಾದಿಡ್ಡಿ ಚುಕ್ಕೆ ಇದ್ದರೆ ಶೆವೇರಾ. ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ನಡಿಗೆ ನೋಡಿ ಕಾಲಿನ ದೋಷ ಹಿಡಿಯುತ್ತಾರೆ. ಆಕಳ ಮೈಮೇಲೆ ಯಾರೋ ಅಲ್ಲಲ್ಲಿ ಚೀಟಿ ಅಂಟಿಸಿದ್ದಾರೆ, ಅದು ಅವರಿಗಷ್ಟೇ ಓದಲು ಬರುತ್ತದೆ ಅನ್ನುವ ಹಾಗೆ!

ಅಂಥ ಚೀಟಿಗಳನ್ನು ಹೊಸಬನ ಕಣ್ಣಿಗೂ ಕಾಣಿಸುವ ಯಂತ್ರ ಮಾಡಲು ಬಂದರೆ? ಅದಕ್ಕೇ ಇಂಗ್ಲಿಷಿನಲ್ಲಿ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್ ಅನ್ನುತ್ತಾರೆ. ಕನ್ನಡದಲ್ಲಿ ವರ್ಧಿತ ವಾಸ್ತವ. ಎದುರಿಗಿರುವ ನಿಜವಾದ ವಸ್ತು ಹಾಗೇ ಕಾಣುತ್ತಿರುತ್ತದೆ, ಅದರ ಮೇಲೆ ಬಾಣದ ಗುರುತು, ಅಂಕಿ, ಅಕ್ಷರ ಮೂಡುತ್ತವೆ. ಮೊಬೈಲಿನ ಆಟದಲ್ಲಿ ನೀವು ಇದನ್ನು ನೋಡಿರಬಹುದು. ಆದರೆ ಇದು ಹುಟ್ಟಿದ್ದು ಆಟಕ್ಕಲ್ಲ, ದುಡಿಯುವ ಜಾಗದಲ್ಲಿ.

ನಮ್ಮ ಮಗ್ಗುಲಿಗೇ ಇರುವ ಬೀದರದಿಂದ ಶುರು ಮಾಡೋಣ. ಅಲ್ಲಿನ ವಾಯುಪಡೆ ನೆಲೆಯಲ್ಲಿ 2008ರಿಂದ ಹಾಕ್ ಎಂಬ ಜೆಟ್ ವಿಮಾನದಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯುತ್ತಿದೆ. ಮೊದಲ 24 ವಿಮಾನ ಬ್ರಿಟನ್ನಿನಿಂದ ಸಿದ್ಧವಾಗಿ ಬಂದವು, ಉಳಿದವನ್ನು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ತಯಾರಿಸಿತು. ಆಕಾಶದಲ್ಲಿ ಬಣ್ಣದ ಹೊಗೆ ಬಿಡುವ ಸೂರ್ಯಕಿರಣ ತಂಡದ ವಿಮಾನಗಳೂ ಇವೇ, ಅವುಗಳ ನೆಲೆಯೂ ಬೀದರವೇ. ಈ ವಿಮಾನದಲ್ಲಿ ಪೈಲಟ್‌ನ ಕಣ್ಣೆದುರು ಒಂದು ಓರೆ ಗಾಜು ಇರುತ್ತದೆ. ಅದರಾಚೆ ಆಕಾಶ ಕಾಣುತ್ತದೆ, ಅದರ ಮೇಲೆಯೇ ವೇಗ, ಎತ್ತರ, ದಿಕ್ಕಿನ ಅಂಕಿಗಳು ಹಸಿರಾಗಿ ತೇಲುತ್ತವೆ. ಇದರ ಹೆಸರು ಹೆಡ್ ಅಪ್ ಡಿಸ್‌ಪ್ಲೇ, ಅಂದ್ರೆ ತಲೆ ಎತ್ತಿಕೊಂಡೇ ಓದುವ ಫಲಕ. ನಮ್ಮ ದೇಶದ ತೇಜಸ್ ವಿಮಾನಕ್ಕೆ ಇಂಥ ಫಲಕವನ್ನು ಚಂಡೀಗಢದ ಸಿಎಸ್‌ಐಒ ಪ್ರಯೋಗಾಲಯ ರೂಪಿಸಿತು. ಎಆರ್‌ಗೆ ಇದು ಮುತ್ಯಾ ಇದ್ದ ಹಾಗೆ.

ಇಷ್ಟೆಲ್ಲ ಯಾಕೆ, ಅಂಕಿಗಳನ್ನು ಕೆಳಗಿನ ಡಯಲ್‌ನಲ್ಲೇ ನೋಡಿದರಾಗದೇ? ಲೆಕ್ಕ ಹಾಕಿ ನೋಡ್ರಿ. ವಿಮಾನ ಗಂಟೆಗೆ 720 ಕಿ.ಮೀ. ವೇಗದಲ್ಲಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 200 ಮೀಟರ್. ತಲೆ ತಗ್ಗಿಸಿ, ಡಯಲ್ ಓದಿ, ಮತ್ತೆ ತಲೆ ಎತ್ತಲು 2 ಸೆಕೆಂಡು ಹಿಡಿದರೂ ಪೈಲಟ್ 400 ಮೀಟರ್ ದೂರವನ್ನು ಮುಂದೆ ನೋಡದೇ ದಾಟಿರುತ್ತಾನೆ. ಅದೂ ಅಲ್ಲದೆ ದೂರದ ಮೋಡ ನೋಡುತ್ತಿದ್ದ ಕಣ್ಣಿನ ಮಸೂರ ಹತ್ತಿರದ ಡಯಲ್‌ಗೆ ಹೊಂದಿಕೊಳ್ಳಬೇಕು, ಮತ್ತೆ ದೂರಕ್ಕೆ ಮರಳಬೇಕು. ಇಲ್ಲಿ ಹತ್ತನೇ ತರಗತಿಯ ಬೆಳಕಿನ ಪಾಠ ಕೆಲಸಕ್ಕೆ ಬರುತ್ತದೆ. ಪೀನ ಮಸೂರದ ಸಂಗಮ ಬಿಂದುವಿನಲ್ಲಿ ದೀಪ ಇಟ್ಟರೆ ಹೊರಬರುವ ಕಿರಣಗಳು ಸಮಾಂತರ ಆಗುತ್ತವೆ. ಸಮಾಂತರ ಕಿರಣಗಳನ್ನು ಕಣ್ಣು ‘ಬಲು ದೂರದಿಂದ ಬಂದವು’ ಎಂದೇ ತಿಳಿಯುತ್ತದೆ. ಹಾಗಾಗಿ ಅಂಕಿಗಳು ಗಾಜಿನ ಮೇಲಿದ್ದರೂ ಮೋಡದಷ್ಟು ದೂರದಲ್ಲಿ ಇದ್ದಂತೆ ಕಾಣುತ್ತವೆ, ಕಣ್ಣು ಮತ್ತೆ ಮತ್ತೆ ಹೊಂದಿಕೊಳ್ಳುವ ತ್ರಾಸು ಇಲ್ಲ.

ಗಾಜಿನ ಕೆಲಸವನ್ನು ನೀವು ದಿನಾ ನೋಡುತ್ತೀರಿ. ಸಂಜೆ ಎಸ್‌ಟಿ ಬಸ್ಸಿನಲ್ಲಿ ಉದಗೀರದಿಂದ ಬರುವಾಗ ಕಿಟಕಿಯಾಚೆ ತೊಗರಿ ಹೊಲ ಮಬ್ಬಾಗಿ ಕಾಣುತ್ತದೆ, ಅದರ ಮೇಲೆ ಬಸ್ಸಿನೊಳಗಿನ ದೀಪ ತೇಲುತ್ತಿರುತ್ತದೆ, ಹೌದಿಲ್ಲೋ? ಗಾಜು ಹೊರಗಿನ ಬೆಳಕನ್ನು ಒಳಗೆ ಬಿಡುತ್ತದೆ, ಒಳಗಿನ ಬೆಳಕನ್ನು ಸ್ವಲ್ಪ ಪ್ರತಿಫಲಿಸುತ್ತದೆ. ಶಾಲೆಯಲ್ಲಿ ಮಾಡಿ ನೋಡಬೇಕೆಂದರೆ ಹೊಸ ಅಂಗಿಯ ಡಬ್ಬಿಯ ಮೇಲೆ ಬರುವಂಥ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು, ಗಾಜು ಬೇಡ, ಕೈ ಕೊಯ್ಯುತ್ತದೆ. ಮೊಬೈಲನ್ನು ಮೇಜಿನ ಮೇಲೆ ಅಂಗಾತ ಇಟ್ಟು ತೆರೆಯ ಮೇಲೆ ದೊಡ್ಡದೊಂದು ಬಿಳಿ ಅಂಕಿ ತನ್ನಿ. ಹಾಳೆಯನ್ನು ಅದರ ಮೇಲೆ 45 ಡಿಗ್ರಿ ಓರೆಯಾಗಿ ಹಿಡಿದು, ಕೋಣೆಯ ಬೆಳಕು ಕಡಿಮೆ ಮಾಡಿ, ಎದುರಿನಿಂದ ನೋಡಿ. ಅಂಕಿ ಹಾಳೆಯ ಹಿಂದೆ ಗಾಳಿಯಲ್ಲಿ ನಿಂತಿರುತ್ತದೆ. ಮೊಬೈಲು ಹಾಳೆಯಿಂದ ಎಷ್ಟು ಕೆಳಗಿದೆಯೋ ಹಾಳೆಯ ಹಿಂದೆ ಅಷ್ಟೇ ದೂರದಲ್ಲಿ ಬೆರಳಿಟ್ಟರೆ ಅಂಕಿ ಬೆರಳಿಗೇ ಅಂಟಿದಂತೆ ಕಾಣುತ್ತದೆ. ‘ಸರ್, ಅಂಕಿ ಉಲ್ಟಾ ಐತ್ರಿ’ ಎಂದು ಯಾರಾದರೂ ಕೂಗಿಯೇ ಕೂಗುತ್ತಾರೆ. ಯಾಕೆ ಉಲ್ಟಾ ಎಂಬುದನ್ನು ನೀವೇ ಯೋಚಿಸಿ.

ಪೈಲಟ್ ಆಯಿತು. ಕಾರ್ಖಾನೆಯ ಕೂಲಿಕಾರನ ಕಥೆ ಇದಕ್ಕಿಂತ ಸ್ವಾರಸ್ಯ. ದೊಡ್ಡ ವಿಮಾನದಲ್ಲಿ ವಿದ್ಯುತ್ ತಂತಿ ಎಷ್ಟಿರುತ್ತದೆ ಗೊತ್ತೇ? ಬೋಯಿಂಗ್ 747-400ರಲ್ಲಿ 274 ಕಿ.ಮೀ.! ಈ ತಂತಿಗಳನ್ನು ಮೊದಲೇ ಒಂದು ಉದ್ದನೆಯ ಹಲಗೆಯ ಮೇಲೆ ಜೋಡಿಸಿ, ಕಟ್ಟಿ, ಕಟ್ಟುಗಳನ್ನು ವಿಮಾನದೊಳಗೆ ಸೇರಿಸುತ್ತಾರೆ. ಯಾವ ತಂತಿ ಎಲ್ಲಿ ತಿರುಗಬೇಕು ಎಂಬುದಕ್ಕೆ ಹಲಗೆಯ ಮೇಲೆ ನಕ್ಷೆ. ವಿಮಾನದ ಮಾದರಿ ಬದಲಾದರೆ ಹಲಗೆಯೂ ಬದಲು. ಕೆಲಸಗಾರನ ಕಣ್ಣು ಪಟ್ಟಿಗೊಮ್ಮೆ, ತಂತಿಗೊಮ್ಮೆ, ಹಲಗೆಗೊಮ್ಮೆ ಓಡಾಡಬೇಕು. ತಪ್ಪು ನುಸುಳುವುದು ಈ ಓಡಾಟದಲ್ಲೇ. ಅಮೆರಿಕದ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬಿಬ್ಬರು, ಹಲಗೆ ಖಾಲಿಯೇ ಇರಲಿ, ತಂತಿಯ ದಾರಿ ಕೆಲಸಗಾರನ ಕನ್ನಡಕದಲ್ಲಿ ಮೂಡಲಿ ಎಂದು ಯೋಚಿಸಿದರು. 1992ರಲ್ಲಿ ಪ್ರಕಟವಾದ ಅವರ ಬರಹದಿಂದಲೇ ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಜಗತ್ತಿಗೆ ಬಂತು. ತಲೆಗೆ ಕಟ್ಟಿಕೊಳ್ಳುವ ಪಾರದರ್ಶಕ ತೆರೆಯನ್ನು ಐವನ್ ಸದರ್‌ಲ್ಯಾಂಡ್ 1968ರಲ್ಲೇ ಮಾಡಿದ್ದರು. ಅದು ಎಷ್ಟು ಭಾರ ಇತ್ತೆಂದರೆ ಛಾವಣಿಗೆ ತೂಗುಹಾಕಬೇಕಾಗಿತ್ತು!

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಅದೇ ಬೋಯಿಂಗ್ ಕಂಪನಿ ಗೂಗಲ್ ಗ್ಲಾಸ್ ಎಂಬ ಹಗುರ ಕನ್ನಡಕ ಹಾಕಿಸಿ ಅದೇ ತಂತಿ ಕೆಲಸ ಮಾಡಿಸಿತು. ಸಮಯ ಸುಮಾರು ಕಾಲುಭಾಗ ಉಳಿಯಿತು ಎಂದು ಕಂಪನಿ ಹೇಳಿಕೊಂಡಿತು. ಮಾರುವವರ, ಮಾಡಿಸುವವರ ಲೆಕ್ಕವನ್ನು ಒಂದಿಷ್ಟು ಎಚ್ಚರದಿಂದಲೇ ಓದಬೇಕು. ಆದರೂ ಎರಡೂ ಕೈ ಖಾಲಿ ಇರುತ್ತವೆ ಎಂಬುದು ಸಣ್ಣ ಲಾಭವಲ್ಲ.

ಹಾಗಾದರೆ ಎಲ್ಲ ಕಾರ್ಖಾನೆಯಲ್ಲೂ ಇದು ಯಾಕೆ ಬಂದಿಲ್ಲ? ಖರೇ ಹೇಳಬೇಕೆಂದರೆ ಗಾಜಿನ ಭಾಗ ಸುಲಭ, ಜಾಗ ಹಿಡಿಯುವುದು ಕಷ್ಟ. ಪೈಲಟ್‌ಗೆ ವೇಗದ ಅಂಕಿ ಎಲ್ಲಿ ತೇಲಿದರೂ ನಡೆಯುತ್ತದೆ. ಮೋಟಾರಿನ ಎಂಟು ಬೋಲ್ಟುಗಳಲ್ಲಿ ಮೂರನೆಯದನ್ನೇ ತೋರಿಸಬೇಕಾದರೆ, ಬೋಲ್ಟು ಎಲ್ಲಿದೆ, ನಿಮ್ಮ ತಲೆ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂಬುದು ಯಂತ್ರಕ್ಕೆ ಕ್ಷಣಕ್ಷಣಕ್ಕೂ ಗೊತ್ತಿರಬೇಕು. ಕ್ಯಾಮೆರಾ ಮತ್ತು ಚಲನೆ ಅಳೆಯುವ ಸಂವೇದಕಗಳು ಈ ಕೆಲಸ ಮಾಡುತ್ತವೆ. ಮೊಬೈಲು ಅಡ್ಡ ಮಾಡಿದಾಗ ಚಿತ್ರವೂ ಅಡ್ಡ ಆಗುವುದು ಅಂಥ ಸಂವೇದಕದಿಂದಲೇ. ತಲೆ ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಿರುಗಿತು, ಯಂತ್ರ ಬರೀ 0.05 ಸೆಕೆಂಡು ತಡ ಮಾಡಿತು ಅನ್ನಿ. ಗುರುತು 5 ಡಿಗ್ರಿ ಹಿಂದೆ ಬೀಳುತ್ತದೆ. 60 ಸೆಂ.ಮೀ. ದೂರದ ಮೋಟಾರಿನ ಮೇಲೆ ಅದು 5 ಸೆಂ.ಮೀ.ಗಿಂತ ಹೆಚ್ಚು. ಬಾಣದ ಗುರುತು ಪಕ್ಕದ ಬೋಲ್ಟಿನ ಮೇಲೆ ಕೂತಿರುತ್ತದೆ!

ತೂಕ ಬೇರೆ. ಮೈಕ್ರೋಸಾಫ್ಟ್ ಕಂಪನಿಯ ಹೋಲೋಲೆನ್ಸ್ 2 ಎಂಬ ಸಾಧನ 566 ಗ್ರಾಂ ಇತ್ತು, ಬ್ಯಾಟರಿ ಎರಡು ಮೂರು ತಾಸು. ಅರ್ಧ ಲೀಟರ್ ಹಾಲಿನ ಪಾಕೀಟಿಗಿಂತ ಭಾರವಾದದ್ದನ್ನು ತಲೆಗೆ ಕಟ್ಟಿಕೊಂಡು ಎಂಟು ತಾಸಿನ ಪಾಳಿ ದುಡಿಯಿರಿ ನೋಡೋಣ. ಅದರ ಆಧಾರದ ಮೇಲೆ ಅಮೆರಿಕದ ಸೇನೆಗೆ ಮಾಡಿದ ಸಾಧನವನ್ನು ಪರೀಕ್ಷಿಸಿದಾಗ ಸೈನಿಕರಿಗೆ ತಲೆನೋವು, ವಾಕರಿಕೆ ಬಂತು. ಗೂಗಲ್ ಗ್ಲಾಸ್ ಮಾರಾಟ 2023ರಲ್ಲಿ ನಿಂತಿತು, ಹೋಲೋಲೆನ್ಸ್ 2ರ ತಯಾರಿಕೆ 2024ರಲ್ಲಿ. ಇನ್ನೊಂದು ಮಾತು. ಈ ಕನ್ನಡಕದ ಕ್ಯಾಮೆರಾ ಬೋಲ್ಟನ್ನಷ್ಟೇ ನೋಡುವುದಿಲ್ಲ. ಕೆಲಸಗಾರ ಎಷ್ಟು ಹೊತ್ತು ಸುಮ್ಮನೆ ನಿಂತ ಎಂಬುದನ್ನೂ ಬರೆದಿಡಬಲ್ಲದು. ಆ ಲೆಕ್ಕ ಯಾರ ಕೈಯಲ್ಲಿ ಇರಬೇಕು? ಇದು ವಿಜ್ಞಾನದ ಪ್ರಶ್ನೆ ಅಲ್ಲ, ಆದರೂ ಕೇಳಲೇಬೇಕು.

ತಲೆಗೆ ಏನೂ ಕಟ್ಟದ ಒಂದು ಬಗೆಯೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಸೂಜಿ ಹಾಕಲು ಮಗುವಿನ ಕೈಯಲ್ಲಿ ರಕ್ತನಾಳ ಸಿಗುವುದಿಲ್ಲ, ಮಗು ಅಳುತ್ತದೆ, ನರ್ಸಕ್ಕನಿಗೂ ಬೆವರು. ರಕ್ತದ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಸುತ್ತಲಿನ ಮಾಂಸಕ್ಕಿಂತ ಹೆಚ್ಚು ಹೀರುತ್ತದೆ. ಸಣ್ಣ ಸಾಧನವೊಂದು ಆ ಬೆಳಕನ್ನು ಕೈಮೇಲೆ ಬಿಟ್ಟು, ಎಲ್ಲಿ ಹೀರಿಕೆ ಹೆಚ್ಚಿದೆ ಎಂದು ಅಳೆದು, ರಕ್ತನಾಳಗಳ ನಕ್ಷೆಯನ್ನು ಚರ್ಮದ ಮೇಲೇ ಬೆಳಕಿನಲ್ಲಿ ಬರೆಯುತ್ತದೆ. ಸೂಜಿ ಹಾಕುವ ಕೈ ಮಾತ್ರ ನರ್ಸಕ್ಕನದೇ.

ಈಗ ನಿಮ್ಮ ಮಾತಿಗೆ ಬರೋಣ. ಹತ್ತನೇ ತರಗತಿ ಆದಮೇಲೆ ನಿಮ್ಮಲ್ಲಿ ಕೆಲವರು ಉದಗೀರ, ನಿಲಂಗಾ ಕಡೆಯ ಐಟಿಐಗೆ ಹೋಗುತ್ತೀರಿ. ಲಾತೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಮೊದಲ ಬೋಗಿಯ ಹೊರಮೈ ತಯಾರಾಯಿತು. ಬೋಗಿ ಅಂದರೆ ಅಲ್ಲೂ ತಂತಿ, ಅಲ್ಲೂ ಬೋಲ್ಟು. ಅಂಥ ಕಡೆ ಒಂದು ದಿನ ನಿಮ್ಮ ಕಣ್ಣೆದುರು ಅಕ್ಷರ ಮೂಡಿದರೆ ಅದು ಯಾವ ಭಾಷೆಯಲ್ಲಿ ಇರುತ್ತದೆ? ನಮ್ಮದು ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿ. ‘25 ನ್ಯೂಟನ್ ಮೀಟರ್ ಬಿಗಿ ಮಾಡು’ ಎಂದು ಕಂಡರೆ ಸಾಲದು. 25 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ 100 ನ್ಯೂಟನ್ ಬಲ ಹಾಕು ಎಂದೇ ಅದರ ಅರ್ಥ ಎಂದು ಹೊಳೆಯಬೇಕು. ಕನ್ನಡ ಅಕ್ಷರಕ್ಕೆ ಒತ್ತಕ್ಷರ ಕೆಳಗೆ ಬರುವುದರಿಂದ ಸಾಲಿಗೆ ಹೆಚ್ಚು ಎತ್ತರ ಬೇಕು. ಇಂಗ್ಲಿಷಿಗೆ ಅಳತೆ ಮಾಡಿದ ಕಿರಿದಾದ ತೆರೆಯಲ್ಲಿ ‘ಸ್ಕ್ರೂ’ ಎಂಬ ಪದದ ಕೆಳಭಾಗ ಕತ್ತರಿಸಿ ಹೋದರೆ ಓದುವುದೇನು? ಇದನ್ನೆಲ್ಲ ಸರಿಮಾಡಲು ಕೆಲಸವೂ ಗೊತ್ತಿರುವ, ಭಾಷೆಯೂ ಗೊತ್ತಿರುವ ಜನ ಬೇಕು. ಎರಡು ಭಾಷೆ ಆಡುತ್ತ ಬೆಳೆದು ಮೂರನೆಯದನ್ನು ಶಾಲೆಯಲ್ಲಿ ಕಲಿಯುವ ನಿಮಗೆ ಅದು ಹೊರಗಿನ ಕೆಲಸವೇನಲ್ಲ.

ಕನ್ನಡಕ ಇಲ್ಲದೇ ಈ ವಾರವೇ ಶುರು ಮಾಡಬಹುದು. ಸೈಕಲ್ ಪಂಚರ್ ತಿದ್ದುವ ಕೆಲಸವನ್ನು ಹಂತ ಹಂತವಾಗಿ ಕನ್ನಡದಲ್ಲಿ ಬರೆಯಿರಿ. ಒಂದು ಹಂತಕ್ಕೆ ಆರು ಪದ ಮೀರಬಾರದು, ಯಾಕೆಂದರೆ ಗಾಜಿನ ಮೇಲೆ ಅಷ್ಟೇ ಜಾಗ. ಪ್ರತಿ ಹಂತವನ್ನು ಸಣ್ಣ ಚೀಟಿಯಲ್ಲಿ ಬರೆದು ಸೈಕಲ್ಲಿನ ಆಯಾ ಭಾಗಕ್ಕೇ ಅಂಟಿಸಿ. ಪಂಚರ್ ಎಂದೂ ತಿದ್ದದ ತಮ್ಮನನ್ನೋ ತಂಗಿಯನ್ನೋ ಕರೆದು ಬರೀ ಚೀಟಿ ಓದಿ ಮಾಡಲು ಹೇಳಿ. ನೀವು ಬಾಯಿ ಬಿಡಬಾರದು. ಅವರ ಕೈ ಎಲ್ಲಿ ನಿಂತಿತೋ ಆ ಚೀಟಿಗೆ ಕೆಂಪು ಗುರುತು ಹಾಕಿ, ಬೇರೆ ಪದ ಹುಡುಕಿ, ಇನ್ನೊಬ್ಬರ ಕೈಲಿ ಮಾಡಿಸಿ ನೋಡಿ. ಮೊದಲ ಚೀಟಿ, ತಿದ್ದಿದ ಚೀಟಿ ಎರಡನ್ನೂ ನಿಮ್ಮ ವಿಜ್ಞಾನ ಗುರುಗಳಿಗೆ ತೋರಿಸಿ.