ಕೇಳಿ ಕಲಿಯುವ ವಿದ್ಯೆ

ವಿದ್ಯೆಯು ಶಾಲೆಯ ಬಾಗಿಲಲ್ಲಿಯೇ ಮುಗಿಯುವುದೆಂದು ಬಗೆಯುವ ಗೃಹಸ್ಥರು ಬಹುಮಂದಿ. ಐವತ್ತು ದಾಟಿತೆಂದರೆ ‘ಇನ್ನೇನು ಕಲಿಯುವುದು?’ ಎಂದು ಪುಸ್ತಕವನ್ನು ಕಟ್ಟಿಡುವರು. ನಮ್ಮ ಪ್ರಾಚೀನರಾದರೋ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ಹೇಳಿ, ಶ್ರವಣವನ್ನೇ ಮೊದಲಿಟ್ಟರು. ಕೇಳುವುದಕ್ಕೆ ವಯಸ್ಸಿನ ಕಟ್ಟಿಲ್ಲ. ಈ ಮಾತು ಸೂಫಿ ಸಂತರ ಉಪದೇಶಗಳಲ್ಲಿಯೂ ಪದಗಳಲ್ಲಿಯೂ ಹೇಗೆ ಫಲಿಸಿತೆಂಬುದನ್ನು ವಾಚಕರ ಮುಂದಿಡಬಯಸುತ್ತೇವೆ.

1325ರಲ್ಲಿ ದೇಹಬಿಟ್ಟ ನಿಜಾಮುದ್ದೀನ್ ಔಲಿಯಾ ಅವರ ಸನ್ನಿಧಿಗೆ ದಿಲ್ಲಿಯಲ್ಲಿ ರಾಜಸೇವಕರೂ ಬಡವರೂ ಸಮನಾಗಿ ಬರುತ್ತಿದ್ದರು. ಹಾಗೆ ಬಂದವರಲ್ಲಿ ಅಮೀರ್ ಹಸನ್ ಸಿಜ್ಜಿ ಎಂಬ ಪಾರಸಿ ಕವಿಯೊಬ್ಬನು. ಐವತ್ತು ದಾಟಿ ಹೆಸರಾಂತಿದ್ದ ಆತನು 1308ರಲ್ಲಿ ಬಾಲವಿದ್ಯಾರ್ಥಿಯಂತೆ ಲೇಖನಿ ಹಿಡಿದು ಕುಳಿತನು; ಗುರುಗಳ ಮಾತುಗಳನ್ನು 1322ರವರೆಗೆ ಬರೆದನು. ಆ ಬರಹವನ್ನು ಗುರುಗಳೇ ನೋಡಿ ಮೆಚ್ಚಿ, ಅಲ್ಲಲ್ಲಿ ಬಿಟ್ಟಿದ್ದ ತೆರವುಗಳನ್ನು ತುಂಬಿಸಿದರು. ಅದೇ ‘ಫವಾಇದುಲ್ ಫುವಾದ್’ ಎಂಬ ಗ್ರಂಥ.

ಗಾನಶ್ರವಣವು ಧರ್ಮಸಮ್ಮತವೇ ಎಂದು ಅಂದಿನ ಪಂಡಿತರಲ್ಲಿ ಅನೇಕರು ಆಕ್ಷೇಪಿಸುತ್ತಿದ್ದರು. ನಿಜಾಮುದ್ದೀನರು ಅದನ್ನು ಕಟ್ಟಿಲ್ಲದೆ ಬಿಡಲಿಲ್ಲ: ಹಾಡುವವನು ಪ್ರೌಢನಾಗಿರಬೇಕು, ಕೇಳುವವನ ಚಿತ್ತವು ದೇವರಲ್ಲಿ ನೆಲಸಿರಬೇಕು, ಪದವು ಅಶ್ಲೀಲವಾಗಿರಬಾರದು, ತಂತಿವಾದ್ಯಗಳು ಅಲ್ಲಿರಬಾರದು. ಹಾಡಿಗೆ ಹೇಳಿದ ನಿಯಮಗಳಲ್ಲಿ ಕೇಳುವವನಿಗೂ ಒಂದು ಪಾಲು ಸಂದಿರುವುದನ್ನು ವಾಚಕರು ಗಮನಿಸಬೇಕು.

ಈ ಗುರುಪರಂಪರೆಯು ಕನ್ನಡನಾಡಿಗೂ ಬಂದಿತು. ನಿಜಾಮುದ್ದೀನರ ಶಿಷ್ಯರು ನಸೀರುದ್ದೀನ್ ಚಿರಾಗ್. ಅವರ ಶಿಷ್ಯರು ಖ್ವಾಜಾ ಬಂದೇನವಾಜರು. ತೈಮೂರನ ದಂಡು ದಿಲ್ಲಿಗೆ ಬಂದ 1398ರಲ್ಲಿ ಇವರು ಆ ಊರನ್ನು ಬಿಟ್ಟು, ಸುಮಾರು ಎಂಬತ್ತರ ವಯಸ್ಸಿನಲ್ಲಿ ಕಲಬುರ್ಗಿಯನ್ನು ಸೇರಿ, 1422ರಲ್ಲಿ ಕಾಲವಾಗುವವರೆಗೆ ಉಪದೇಶಿಸುತ್ತಿದ್ದರು. ನಾವು ಊರುಗೋಲು ಹುಡುಕುವ ಪ್ರಾಯದಲ್ಲಿ ಅವರು ಹೊಸ ಊರಿನಲ್ಲಿ ಪಾಠ ತೊಡಗಿದರು!

ಸಭೆಗೆ ಬರಲಾರದ, ಓದಲಾರದ ಗೃಹಿಣಿಯರ ಗತಿಯೇನು? ಇದಕ್ಕೆ ಬಿಜಾಪುರದ ಚಿಶ್ತಿ ಸಂತರ ಪರಂಪರೆಯು ಉತ್ತರ ಕೊಟ್ಟಿತು. ಬೀಸುವಾಗ ಹಾಡಲೆಂದು ದಖನಿ ನುಡಿಯಲ್ಲಿ ‘ಚಕ್ಕಿನಾಮಾ’ಗಳು, ನೂಲುವಾಗ ಹಾಡಲೆಂದು ‘ಚರಖಾನಾಮಾ’ಗಳು ಹುಟ್ಟಿದುವು. ಬೀಸುವ ಕಲ್ಲಿನ ಹಿಡಿಗೂಟವು ಅರಬ್ಬಿಯ ಮೊದಲಕ್ಷರವಾದ ‘ಅಲಿಫ್’ನಂತೆ ನೆಟ್ಟಗಿದೆ, ಅಲ್ಲಾಹನ ಹೆಸರೂ ಆ ಅಕ್ಷರದಿಂದಲೇ ತೊಡಗುವುದು. ಈ ಸಾಮ್ಯವನ್ನು ಒಂದು ಚಕ್ಕಿನಾಮಾ ಹೇಳುತ್ತದೆ. ಪುಸ್ತಕವನ್ನು ಮುಟ್ಟದ ಕೈಯು ದಿನವೂ ಬೆಳಗಿನ ಜಾವದಲ್ಲಿ ಅಕ್ಷರವನ್ನೇ ಹಿಡಿದು ದೇವರನ್ನು ನೆನೆದಂತಾಯಿತು. ಬಹುವರ್ಷ ಮಕ್ಕಳಿಗೆ ಅಕ್ಷರ ತೀಡಿಸಿದ ನಮಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವು ತೋರದು.

ನಮ್ಮ ಕನ್ನಡದ ತಾಯಂದಿರೂ ಬೀಸುವ ಪದಗಳಲ್ಲಿ ಶಿವನನ್ನೂ ತವರನ್ನೂ ನೆನೆದವರೇ. ಮತ ಬೇರೆಯಾದರೂ ಕಲ್ಲು ಒಂದೇ, ಬೆವರು ಒಂದೇ. ಹಿಟ್ಟಿನ ಗಿರಣಿ ಬಂದು ತೋಳಿನ ನೋವು ಹೋಯಿತು; ಅದು ಒಳ್ಳೆಯದೇ. ಆದರೆ ಕಲ್ಲಿನೊಡನೆ ಪದವೂ ಮೂಲೆ ಸೇರಿತು. ಅದನ್ನು ಬಲ್ಲ ಮುದುಕಿಯರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆದುದರಿಂದ ನಮ್ಮ ಬಿನ್ನಹವಿಷ್ಟೆ: ಮನೆಯಲ್ಲಿ ಅಜ್ಜಿಯಿದ್ದರೆ ಇಂದು ಸಂಜೆಯೇ ಅವರ ಬಳಿ ಕುಳಿತು ಒಂದು ಪದವನ್ನು ಹೇಳಿಸಿರಿ, ಬರೆದುಕೊಳ್ಳಿರಿ. ನಿಮಗೆ ಐವತ್ತಾಗಿದ್ದರೆ ಇನ್ನೂ ಲೇಸು. ಹಸನ್ ಕವಿಯು ಲೇಖನಿ ಹಿಡಿದುದೂ ಆ ವಯಸ್ಸು ಕಳೆದ ಮೇಲೆಯೇ.