ಬಿಂಗಿ ರೋಗಕ್ಕೆ ಕಾಡು ಟೊಮೆಟೊ ಕಾವಲು

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೊ ಟೊಮೆಟೊ ಬಾಕ್ಸ್‌ನ ಬೆಲೆ 2 ಸಾವಿರ ರೂಪಾಯಿ ದಾಟಿತು. ಲಕ್ಷ ಲಕ್ಷ ಎಣಿಸಿದವರ ಸುದ್ದಿ ಎಲ್ಲೆಡೆ ಬಂತು. ಬಿಂಗಿ ರೋಗ ಹೊಕ್ಕ ತೋಟಗಳ ಮಾತು ಬೇರೆ: ಆ ಬೆಲೆಗೆ ಮಾರಲು ಅಲ್ಲಿ ಕಾಯಿಯೇ ಇರಲಿಲ್ಲ. ಎಲೆ ಮುದುಡಿ, ಕುಡಿ ಹಳದಿಗಟ್ಟಿ, ಗಿಡ ಕುಳ್ಳಾಗಿಯೇ ನಿಂತುಬಿಡುತ್ತದೆ. ಕೃಷಿ ವಿಜ್ಞಾನಿಗಳು ಇದನ್ನು ಎಲೆ ಮುಟುರು ರೋಗ ಎನ್ನುತ್ತಾರೆ.

ರೋಗಕ್ಕೆ ಕಾರಣ ವೈರಸ್; ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ಈ ನೊಣದ ಹೊಸ ಬಗೆಯೊಂದು, ‘ಬಿ ಬಯೋಟೈಪ್’, ಭಾರತದಲ್ಲಿ ಮೊದಲು ಪತ್ತೆಯಾದದ್ದು 1999ರಲ್ಲಿ, ಇದೇ ಕೋಲಾರದಲ್ಲಿ. ಔಷಧಿ ಹೊಡೆದರೆ ನೊಣ ಸಾಯಬಹುದು, ಗಿಡದೊಳಗೆ ಸೇರಿದ ವೈರಸ್ ಸಾಯುವುದಿಲ್ಲ. ಆದರೂ ಸಾಲ ಮಾಡಿ ಹೊಡೆಯುತ್ತೇವೆ.

ಭತ್ತಕ್ಕೂ ಇಂಥದ್ದೇ ಕಾಲ ಬಂದಿತ್ತು. ಗ್ರಾಸಿ ಸ್ಟಂಟ್ ವೈರಸ್ ಏಷ್ಯಾದ ಗದ್ದೆಗಳನ್ನು ಕಾಡಿದಾಗ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 6 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಜಾಲಾಡಿತು. ಕೈಗೆ ಸಿಕ್ಕಿದ್ದು ಒಂದೇ ಒಂದು: ಉತ್ತರ ಪ್ರದೇಶದಿಂದ ಹೋಗಿದ್ದ ಒರೈಜಾ ನಿವಾರಾ ಎಂಬ ಕಾಡುಭತ್ತ. ಕೆರೆಯಂಚಿನಲ್ಲಿ ಬೆಳೆಯುವ, ಕಾಳುದುರುವ, ಗದ್ದೆಗೆ ಬಂದರೆ ನಾವು ಕಿತ್ತೆಸೆಯುವ ಹುಲ್ಲು ಅದು. ಅಲ್ಲಿನ ತಳಿ ವಿಜ್ಞಾನಿ ಗುರುದೇವ್ ಖುಷ್ ಮತ್ತು ಸಂಗಡಿಗರು ಅದರ ಗುಣವನ್ನು ನಾಡಭತ್ತಕ್ಕೆ ತಂದರು. 1976ರಲ್ಲಿ ಹೊರಬಂದ ಐಆರ್ 36 ತಳಿಯಲ್ಲಿ ಆ ರಕ್ತವಿದೆ.

ಟೊಮೆಟೊದ ಕಾಡುನೆಂಟರು ಇರುವುದು ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯಲ್ಲಿ. ಹಣ್ಣಾದರೂ ಹಸಿರಾಗಿಯೇ ಉಳಿಯುವ, ಮೈತುಂಬಾ ರೋಮವಿರುವ ಸೊಲಾನಮ್ ಹ್ಯಾಬ್ರೊಕೈಟಿಸ್‌ನ ನಿರೋಧ ಗುಣವನ್ನು ಊರ ಟೊಮೆಟೊಗೆ ದಾಟಿಸಿ ‘ಎಚ್ 24’ ಎಂಬ ತಳಿಸಾಲನ್ನು ರೂಪಿಸಿದವರು ನಮ್ಮ ದೇಶದ ವಿಜ್ಞಾನಿಗಳಾದ ಕಲ್ಲೂ ಮತ್ತು ಬ್ಯಾನರ್ಜಿ. ಆ ಗುಣದ ಜೀನ್‌ಗೆ ಈಗ ‘ಟಿವೈ 2’ ಎಂದು ಹೆಸರು. ಚಿಲಿ, ಪೆರುವಿನ ಒಣನೆಲದ ಸೊಲಾನಮ್ ಚಿಲೆನ್ಸ್ ಇನ್ನೊಂದು ಜೀನ್‌ನ ಎರಡು ರೂಪಗಳನ್ನು ಕೊಟ್ಟಿತು: ಟಿವೈ 1, ಟಿವೈ 3. ಬರದ ಸೀಮೆಯ ಗಿಡ ಬರದ ಸೀಮೆಗೆ ಆಸರೆಯಾದದ್ದು ನನಗೆ ವಿಶೇಷವಾಗಿ ಹಿಡಿಸಿದ ಸಂಗತಿ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನಂದಿ, ಸಂಕ್ರಾಂತಿ, ವೈಭವ್ ಎಂಬ ನಿರೋಧಕ ತಳಿಗಳನ್ನು ಕೊಟ್ಟಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುವ ಹೈಬ್ರಿಡ್. ಆದರೆ ವೈರಸ್ ಒಂದೇ ಬಗೆಯದಲ್ಲ. ಒಂದೇ ಜೀನ್ ನೆಚ್ಚಿದ ತಳಿ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲುತ್ತದೆ. ಅದಕ್ಕೇ ತಳಿ ವಿಜ್ಞಾನಿಗಳು ಎರಡು ಮೂರು ಜೀನ್‌ಗಳನ್ನು ಒಟ್ಟಿಗೆ ಕೂಡಿಸುತ್ತಾರೆ.

ಮಾಲೂರಾಗಲಿ ಮುಳಬಾಗಿಲಾಗಲಿ ಶ್ರೀನಿವಾಸಪುರವಾಗಲಿ, ನರ್ಸರಿಗೆ ಹೋದಾಗ ಇಷ್ಟು ಕೇಳಿ: ಈ ನಾರು ಯಾವ ತಳಿಯದು, ಎಲೆ ಮುಟುರು ರೋಗ ತಡೆಯುತ್ತದೆಯೇ, ಬಿಳಿನೊಣ ನುಗ್ಗದ ಬಲೆಯೊಳಗೆ ಬೆಳೆಸಿದ್ದೇ? ನೆಟ್ಟ ಮೊದಲ ತಿಂಗಳಲ್ಲಿ ಮುದುಡಿದ ಗಿಡ ಕಂಡರೆ ಕನಿಕರ ಬೇಡ, ಕಿತ್ತುಬಿಡಿ.